ಇಬ್ಬರ ಕ್ರಿಸ್ಮಸ್ ಊಟಕ್ಕೆ ರಾಕ್ಲೆಟ್ ಗ್ರಿಲ್: ಎರಡು ಪ್ಯಾನಿನದು ಸಾಕಾ, ನಾಲ್ಕರದೇ ಬೇಕಾ?

ಜರ್ಮನಿಯಲ್ಲಿ ಗಂಡ-ಹೆಂಡತಿ ಇಬ್ಬರೇ ಇರುವ ಮನೆಗೆ ಡಿಸೆಂಬರ್ 24ರ ಸಂಜೆ ಸ್ವಲ್ಪ ಪೇಚಿನದು. ಇಲ್ಲಿ ಹಬ್ಬದ ಮುಖ್ಯ ಹೊತ್ತು 25ರ ಹಗಲಲ್ಲ, 24ರ ರಾತ್ರಿ. ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿಗಳ ಬಾಗಿಲು ಬೀಳುತ್ತದೆ, ಹೋಟೆಲುಗಳೂ ಹೆಚ್ಚಿನವು ಮುಚ್ಚಿರುತ್ತವೆ, ಕತ್ತಲಾಗುವಷ್ಟರಲ್ಲಿ ಬೀದಿ ಖಾಲಿ. ಇಬ್ಬರಿಗೋಸ್ಕರ ಇಡೀ ಬಾತುಕೋಳಿ ಬೇಯಿಸುವುದು ಅತಿಯಾಯಿತು. ಅನ್ನ-ಸಾರು ಮಾಡಿ ಎಂಟಕ್ಕೆ ಊಟ ಮುಗಿಸಿದರೆ ಹಬ್ಬ ಅನ್ನಿಸುವುದಿಲ್ಲ. ಎಷ್ಟೋ ಜರ್ಮನ್ ಮನೆಗಳಲ್ಲಿ ಅಂದು ಸಾಸೇಜು, ಆಲೂಗಡ್ಡೆ ಸಲಾಡಿನಲ್ಲಿ ಕೆಲಸ ಮುಗಿಯುತ್ತದೆ. ಉಳಿದವರಲ್ಲಿ ಬಹಳ ಮಂದಿ ಹೊರತೆಗೆಯುವುದು ರಾಕ್ಲೆಟ್ ಗ್ರಿಲ್. ಸಸ್ಯಾಹಾರಿಗಳಿಗೂ ಒಗ್ಗುವ, ಅಡುಗೆಮನೆಯಲ್ಲಿ ಒಬ್ಬರೇ ಬೇಯುತ್ತ ನಿಲ್ಲಬೇಕಿಲ್ಲದ, ಎರಡು ಗಂಟೆ ಮೇಜು ಬಿಟ್ಟೇಳಲು ಬಿಡದ ಸಾಮಾನು ಇದು. ಆದರೆ ತಪ್ಪು ಗಾತ್ರದ್ದು ತಂದರೆ ಇಬ್ಬರೂ ಹಸಿದುಕೊಂಡು ಪ್ಯಾನು ನೋಡುತ್ತ ಕೂರಬೇಕಾಗುತ್ತದೆ.

ನೋಡದವರಿಗೆ ಎರಡು ಮಾತು. ಇದು ಎರಡಂತಸ್ತಿನ ವಿದ್ಯುತ್ ಒಲೆ. ನಡುವೆ ಕಾಯಿಸುವ ಸುರುಳಿ, ಮೇಲೆ ಕಾವಲಿಯಂಥ ಚಪ್ಪಟೆ ತಟ್ಟೆ, ಸುರುಳಿಯ ಕೆಳಗೆ ಹಿಡಿಯಿರುವ, ಅಂಗೈಯಗಲದ ಪುಟ್ಟ ಪ್ಯಾನುಗಳು. ತರಕಾರಿ, ಪನೀರು, ಮಾಂಸ ಮೇಲೆ ಬೇಯುತ್ತವೆ; ಚೀಸು ಕೆಳಗೆ ಕರಗುತ್ತದೆ. ಕರಗಿದ್ದನ್ನು ತಟ್ಟೆಯಲ್ಲಿರುವ ಬೆಂದ ಆಲೂಗಡ್ಡೆಯ ಮೇಲೆ ಸುರಿದುಕೊಂಡು ತಿನ್ನುವುದು. ಮೂಲ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯ. ಅಲ್ಲಿ ಚೀಸಿನ ಅರ್ಧ ಗಾಲಿಯನ್ನೇ ಬೆಂಕಿಯ ಮುಂದೆ ಹಿಡಿದು, ಕರಗಿದ ಪದರವನ್ನು ಚಾಕುವಿನಿಂದ ಕೆರೆದು ಹಾಕುತ್ತಿದ್ದರು. ಫ್ರೆಂಚಿನಲ್ಲಿ ‘ರಾಕ್ಲೆ’ ಅಂದರೆ ಕೆರೆಯುವುದು, ಹೆಸರು ಅಲ್ಲಿಂದ ಬಂತು.

ಈಗ ವಿಷಯಕ್ಕೆ. ನವೆಂಬರ್ ಬಂತೆಂದರೆ ಅಗ್ಗದ ಸೂಪರ್‌ಮಾರ್ಕೆಟ್ಟುಗಳ ವಾರದ ಆಫರಿನಲ್ಲಿ ‘ಇಬ್ಬರಿಗೆ’ ಎಂದು ಬರೆದ ಮುದ್ದಾದ ಪೆಟ್ಟಿಗೆಗಳು ಸಾಲಾಗಿ ಕೂರುತ್ತವೆ. ಎರಡು ಪ್ಯಾನು, ಸುಮಾರು 350 ವ್ಯಾಟ್, ಬೆಲೆ 20ರಿಂದ 30 ಯೂರೋ. ಇಬ್ಬರೇ ಇದ್ದೀವಲ್ಲ, ಇದೇ ಸರಿ ಅಂದುಕೊಳ್ಳುವುದು ಸಹಜ. ನಮ್ಮ ಅಭಿಪ್ರಾಯ: ಮೇಜಿನ ಮೇಲೆ ಜಾಗ ನಿಜಕ್ಕೂ ಇಲ್ಲ ಅನ್ನುವವರನ್ನು ಬಿಟ್ಟರೆ ಉಳಿದ ಜೋಡಿಗಳು ನಾಲ್ಕು ಪ್ಯಾನಿನದನ್ನೇ ತರಬೇಕು.

ಕಾರಣ ಲೆಕ್ಕದಲ್ಲಿದೆ. ಚಿಕ್ಕದರಲ್ಲಿ 25 ಗ್ರಾಮಿನ ಒಂದು ಚೀಸ್ ಹೋಳು ಕರಗಿ ಮೇಲೆ ಕಂದು ಚುಕ್ಕೆ ಮೂಡಲು ಏಳರಿಂದ ಹತ್ತು ನಿಮಿಷ ಬೇಕು. ತಟ್ಟೆಗೆ ಸುರಿದುಕೊಂಡದ್ದು ಮೂರು ನಿಮಿಷದಲ್ಲಿ ಖಾಲಿ. ತಲೆಗೊಂದೇ ಪ್ಯಾನು ಇದ್ದರೆ ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ, ಅಷ್ಟರಲ್ಲಿ ಆಲೂಗಡ್ಡೆ ಆರುತ್ತದೆ. ನಿಧಾನದ ಊಟ ಬೇಕು ನಿಜ, ಹಸಿವಿನ ಊಟ ಬೇಡ. ನಾಲ್ಕು ಪ್ಯಾನಿದ್ದರೆ ಒಬ್ಬೊಬ್ಬರಿಗೆ ಎರಡು: ಒಂದರದ್ದು ತಿನ್ನುವಾಗ ಇನ್ನೊಂದರದ್ದು ಕರಗುತ್ತಿರುತ್ತದೆ. 800 ವ್ಯಾಟಿನ ಯಂತ್ರದಲ್ಲಿ ಒಂದು ಸುತ್ತಿಗೆ ನಾಲ್ಕರಿಂದ ಆರು ನಿಮಿಷ, ಅಂದರೆ ಊಟದ ಲಯಕ್ಕೆ ಸರಿಹೊಂದುತ್ತದೆ.

ಇನ್ನೊಂದು ಕೊರತೆ ಮೇಲಿನ ತಟ್ಟೆಯದು. ಚಿಕ್ಕದರಲ್ಲಿ ಅದೇ 350 ವ್ಯಾಟ್ ಕೆಳಗಿನ ಚೀಸಿಗೂ ಮೇಲಿನ ತರಕಾರಿಗೂ ಹಂಚಿಹೋಗಬೇಕು. ಫ್ರಿಜ್ಜಿನಿಂದ ತೆಗೆದ ಅಣಬೆಯನ್ನು ಅದರ ಮೇಲೆ ಹರಡಿದರೆ ಹುರಿಯುವ ಬದಲು ನೀರು ಬಿಟ್ಟುಕೊಂಡು ಬೇಯುತ್ತದೆ. ಹಸಿ ಕೋಳಿಮಾಂಸವನ್ನಂತೂ ಅದರ ಮೇಲೆ ಹಾಕಬೇಡಿ. ಹೊರಗೆ ಬಿಳಚಿಕೊಂಡರೂ ಒಳಗೆ ಬೆಂದಿರುವ ಭರವಸೆ ಇಲ್ಲ. ಚಿಕ್ಕ ಯಂತ್ರಗಳಲ್ಲಿ ಬಹುಪಾಲಿಗೆ ಶಾಖ ಹೆಚ್ಚು-ಕಡಿಮೆ ಮಾಡುವ ಗುಂಡಿಯೂ ಇರುವುದಿಲ್ಲ, ಪ್ಲಗ್ ಕಿತ್ತರೆ ಆಫ್ ಅಷ್ಟೇ.

ಹಾಗಂತ ಎಂಟು ಪ್ಯಾನಿನ 1200ರಿಂದ 1500 ವ್ಯಾಟಿನದಕ್ಕೂ ಹೋಗಬೇಡಿ. ಇಬ್ಬರಿಗೆ ಅದು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಉಪ್ಪಿಟ್ಟು ಕೆದಕಿದ ಹಾಗೆ. ಅರ್ಧ ಮೇಜು ನುಂಗುತ್ತದೆ, ವರ್ಷದ ಉಳಿದ ದಿನ ಇಡಲು ಕಪಾಟಿನಲ್ಲಿ ಜಾಗ ಸಿಗುವುದಿಲ್ಲ. ಮೇಣದ ಪುಟ್ಟ ದೀಪಗಳಿಂದ ಕಾಯಿಸುವ, ಕರೆಂಟ್ ಬೇಡದ ಮಾದರಿಯೂ ಬರುತ್ತದೆ. ಚಿತ್ರದಲ್ಲಿ ಬಹಳ ಪ್ರಣಯಮಯವಾಗಿ ಕಾಣುತ್ತದೆ. ಆದರೆ ಅದರಲ್ಲಿ ಶಾಖ ಬರುವುದು ಕೆಳಗಿನಿಂದ. ಚೀಸು ಕರಗುತ್ತದೆ, ಮೇಲ್ಭಾಗ ಕಂದಾಗುವುದೇ ಇಲ್ಲ. ಹಾಗೆ ಕಂದಾಗದ ರಾಕ್ಲೆಟ್ ಒಗ್ಗರಣೆ ಹಾಕದ ಸಾರಿನಂತೆ. ಬಾಲ್ಕನಿಗೋ ಪಿಕ್ನಿಕ್ಕಿಗೋ ಸರಿ, ಹಬ್ಬದ ಊಟಕ್ಕೆ ಸಾಲದು.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವ್ಯಾಟನ್ನು ಪ್ಯಾನುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ನಾಲ್ಕರದಾದರೆ ಪ್ಯಾನಿಗೆ 200 ಬಂದರೆ ಒಳ್ಳೆಯದು, 150ಕ್ಕೆ ಇಳಿದರೆ ಬಿಟ್ಟುಬಿಡಿ. ಶಾಖದ ಗುಂಡಿ ಇರಲಿ. ಪ್ಯಾನಿನ ಹಿಡಿ ಬಿಸಿಯಾಗದ ವಸ್ತುವಿನದಾಗಿರಲಿ. ಸುರುಳಿಯ ಕೆಳಗೆ, ಖಾಲಿ ಪ್ಯಾನು ಇಡಲು ಇನ್ನೊಂದು ತಣ್ಣನೆಯ ಅಂತಸ್ತು ಇದ್ದರೆ ಬಹಳ ಅನುಕೂಲ. ಅದು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಮೇಲಿನ ತಟ್ಟೆ ಕಲ್ಲಿನದೋ ಲೋಹದ್ದೋ ಎಂಬ ಪ್ರಶ್ನೆಗೆ, ಇಬ್ಬರಿದ್ದರೆ ಲೋಹದ್ದೇ. ಕಲ್ಲು ಸರಿಯಾಗಿ ಕಾಯಲು ಅರ್ಧ ಗಂಟೆಗೂ ಹೆಚ್ಚು ಬೇಕು, ಬಿಸಿ ಇರುವಾಗ ತಣ್ಣೀರು ಬಿದ್ದರೆ ಸೀಳುತ್ತದೆ. ನಾನ್‌ಸ್ಟಿಕ್ ಲೇಪದ ಅಲ್ಯೂಮಿನಿಯಂ ತಟ್ಟೆ ಹತ್ತು-ಹದಿನೈದು ನಿಮಿಷದಲ್ಲಿ ಸಿದ್ಧ. ನಾಲ್ಕರದಕ್ಕೆ 30ರಿಂದ 50 ಯೂರೋ ಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚು ಕೊಡುವುದು ಅಂದಕ್ಕೆ. ಆನ್‌ಲೈನಿನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕು ಕಾನೂನಿನಲ್ಲೇ ಇದೆ. ಅಂಗಡಿಯಲ್ಲಿ ಕೈಯಾರೆ ಕೊಂಡರೆ ಆ ಹಕ್ಕಿಲ್ಲ, ಅಂಗಡಿಯವರು ಒಪ್ಪಿದರೆ ಉಂಟು.

ಇನ್ನು ಚೀಸು. ಅರ್ಧ ಊಟ ಇದರಲ್ಲೇ ಇದೆ, ಎಡವುವುದೂ ಹೆಚ್ಚು ಇಲ್ಲೇ.

ಊಟ ಇದೊಂದೇ ಆದರೆ ತಲೆಗೆ 200 ಗ್ರಾಮ್ ಲೆಕ್ಕ. ನಮ್ಮವರಿಗೆ 150 ಗ್ರಾಮೂ ಧಾರಾಳವಾಗಬಹುದು. ಚೀಸಿನ ಊಟ ಅಭ್ಯಾಸವಿಲ್ಲದ ಹೊಟ್ಟೆಗೆ ಆರನೇ ಹೋಳಿಗೇ ಸಾಕೆನ್ನಿಸುತ್ತದೆ. ಹೋಳು ಮಾಡಿ ಕಟ್ಟಿದ 400 ಗ್ರಾಮಿನ ಒಂದು ಪ್ಯಾಕೆಟ್ ಇಬ್ಬರಿಗೆ ಮುಗಿದು ಉಳಿಯುತ್ತದೆ. ಇಡಿಯಾಗಿ ತಂದರೆ 4ರಿಂದ 5 ಮಿಲಿಮೀಟರ್ ದಪ್ಪ ಕೊಯ್ಯಿರಿ. ತೆಳುವಾದರೆ ಕರಗುವ ಮೊದಲೇ ಅಂಚು ಸೀಯುತ್ತದೆ, ದಪ್ಪವಾದರೆ ಮೇಲೆ ಕಂದಾಗಿ ಒಳಗೆ ತಣ್ಣಗಿರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ.

ಸಸ್ಯಾಹಾರಿಗಳು ಪ್ಯಾಕೆಟ್ಟಿನ ಹಿಂಬದಿಯಲ್ಲಿ ‘ಲಾಬ್’ ಎಂಬ ಪದ ಹುಡುಕಬೇಕು. ಹಾಲು ಒಡೆಸಲು ಹಾಕುವ ರೆನೆಟ್ ಅದು. ‘ಮೀಕ್ರೊಬಿಯೆಲೆಸ್ ಲಾಬ್’ ಅಂತಿದ್ದರೆ ಸೂಕ್ಷ್ಮಜೀವಿಗಳಿಂದ ತೆಗೆದದ್ದು, ತೊಂದರೆಯಿಲ್ಲ. ಬರೀ ‘ಲಾಬ್’ ಅಂತಿದ್ದರೆ ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು. ವಾಲೆ ಪ್ರಾಂತ್ಯದ ಮೂಲ ರಾಕ್ಲೆಟ್ ಚೀಸಿಗೆ ಸಂಪ್ರದಾಯದಂತೆ ಕರುವಿನ ರೆನೆಟ್ಟೇ. ಇದರಲ್ಲೊಂದು ವಿಚಿತ್ರ: ಅಗ್ಗದ ಕಾರ್ಖಾನೆ ಚೀಸಿನಲ್ಲೇ ಸೂಕ್ಷ್ಮಜೀವಿಯ ರೆನೆಟ್ ಹೆಚ್ಚಾಗಿ ಸಿಗುತ್ತದೆ, ದುಬಾರಿಯದರಲ್ಲಿ ಸಿಗುವುದು ಕಡಿಮೆ. ಹೊರಗಿನ ಗಟ್ಟಿ ಸಿಪ್ಪೆಯ ಬಗ್ಗೆಯೂ ಲೇಬಲ್ ನೋಡಿ. ಸಿಪ್ಪೆ ತಿನ್ನಲು ಯೋಗ್ಯವಲ್ಲ ಎಂದಿದ್ದರೆ ಮೊದಲೇ ಕೊಯ್ದು ತೆಗೆಯಿರಿ, ಅಂಥದ್ದಕ್ಕೆ ಬೂಸ್ಟು ತಡೆಯುವ ಲೇಪ ಕೊಟ್ಟಿರುತ್ತಾರೆ.

ವಾಸನೆ ಜೋರು, ಇದನ್ನು ಮುಚ್ಚಿಡುವುದು ಬೇಡ. ಮೊದಲ ಸಲದವರು ಅರ್ಧ ರಾಕ್ಲೆಟ್ ಚೀಸು, ಅರ್ಧ ‘ಬುಟರ್‌ಕೇಸೆ’ ತರುವುದು ವಾಸಿ. ಎರಡನೆಯದು ಸೌಮ್ಯ, ಚೆನ್ನಾಗಿ ಕರಗುತ್ತದೆ. ಮೊಝರೆಲ್ಲಾ ಬೇಡ, ನೀರು ಬಿಟ್ಟು ಪ್ಯಾನಿನಲ್ಲಿ ಕೆರೆ ಕಟ್ಟುತ್ತದೆ.

ಪನೀರನ್ನು ಕೆಳಗಿನ ಪ್ಯಾನಿಗೆ ಹಾಕಿ ಕರಗುತ್ತದೆಂದು ಕಾಯಬೇಡಿ. ರೆನೆಟ್ ಹಾಕಿದ ಚೀಸಿನಲ್ಲಿ ಪ್ರೋಟೀನಿನ ಬಲೆಯನ್ನು ಬಿಗಿಹಿಡಿದಿರುವುದು ಕ್ಯಾಲ್ಸಿಯಂ. ಬಿಸಿ ತಗುಲಿದಾಗ ಬಲೆ ಸಡಿಲವಾಗಿ ಹರಿಯುತ್ತದೆ. ನಿಂಬೆಹುಳಿ ಹಿಂಡಿ ಒಡೆಸಿದ ಪನೀರಿನಲ್ಲಿ ಆ ಕ್ಯಾಲ್ಸಿಯಂ ಹುಳಿಗೆ ಕಳಚಿಹೋಗಿರುತ್ತದೆ. ಹಾಗಾಗಿ ಕಾಯಿಸಿದಷ್ಟೂ ನೀರು ಬಿಟ್ಟು ಗಟ್ಟಿಯಾಗುತ್ತದೆ. ಪನೀರಿನ ಜಾಗ ಮೇಲಿನ ತಟ್ಟೆ. ಬೆರಳುದ್ದ ಕೊಯ್ದು, ಉಪ್ಪು, ಅರಿಶಿನ, ಅಚ್ಚಖಾರದ ಪುಡಿ, ಎಣ್ಣೆ ಸವರಿ ಎರಡು ಮಗ್ಗುಲು ಕೆಂಪಗೆ ಮಾಡಿ.

ಆಲೂಗಡ್ಡೆ ತಲೆಗೆ 250 ಗ್ರಾಮ್. ಚೀಲದ ಮೇಲೆ ‘ಫೆಸ್ಟ್‌ಕೊಖೆಂಡ್’ ಎಂದಿರುವ, ಸಾಮಾನ್ಯವಾಗಿ ಹಸಿರು ಗುರುತಿನ ತಳಿ ಬೇಕು. ಬೆಂದರೂ ಹಿಟ್ಟಾಗದೆ ಹೋಳಾಗಿ ನಿಲ್ಲುತ್ತದೆ. ನೀಲಿ ಗುರುತಿನದು ಪಲ್ಯಕ್ಕೂ ಪರಾಟಕ್ಕೂ ಸರಿ, ಇಲ್ಲಿ ಮುದ್ದೆಯಾಗುತ್ತದೆ. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ 20 ನಿಮಿಷ ಬೇಯಿಸಿ. ಕುಕ್ಕರಿಗೆ ಹಾಕುವವರು ಒಂದೇ ವಿಷಲ್‌ಗೆ ಇಳಿಸಿ, ಎರಡಾದರೆ ಸಿಪ್ಪೆ ಬಿರಿಯುತ್ತದೆ. ಬೆಂದದ್ದನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಮೇಜಿನ ಮೇಲಿಡಿ. ಊರಿಂದ ತಂದ ಹಾಟ್‌ಬಾಕ್ಸ್ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ಜೊತೆಗೆ ಏನು? ಇಲ್ಲಿನವರು ವಿನಿಗರಿನಲ್ಲಿ ನೆನೆಸಿದ ಪುಟ್ಟ ಸೌತೆ, ಈರುಳ್ಳಿ ಇಟ್ಟುಕೊಳ್ಳುತ್ತಾರೆ. ಕೊಬ್ಬಿನ ಜಿಡ್ಡನ್ನು ಹುಳಿ ಮುರಿಯಬೇಕು ಎಂಬುದು ಲೆಕ್ಕ. ಆ ಕೆಲಸವನ್ನು ನಮ್ಮ ನಿಂಬೆ ಉಪ್ಪಿನಕಾಯಿಯೂ ಮಾಡುತ್ತದೆ, ಎಣ್ಣೆ ಹೆಚ್ಚಿರುವ ಮಾವಿನದು ಮಾತ್ರ ಭಾರವಾಗುತ್ತದೆ. ಕರಗಿದ ಚೀಸಿನ ಮೇಲೆ ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿ ಉದುರಿಸಿ ನೋಡಿ; ಸ್ವಿಸ್ಸಿನವರು ಈ ಪುಡಿಯನ್ನು ಕಂಡಿದ್ದರೆ ಕಾಳುಮೆಣಸು ಬಿಟ್ಟುಬಿಡುತ್ತಿದ್ದರು. ಪುಡಿಯನ್ನು ಪ್ಯಾನಿಗೆ ಹಾಕಬಾರದು, ಸೀದು ಕಹಿಯಾಗುತ್ತದೆ. ತಟ್ಟೆಗೆ ಸುರಿದುಕೊಂಡ ಮೇಲೆ ಹಾಕಿಕೊಳ್ಳಿ. ದಪ್ಪ ಮೆಣಸಿನಕಾಯಿ, ಅಣಬೆ, ಈರುಳ್ಳಿಯನ್ನು ಅರ್ಧ ಸೆಂಟಿಮೀಟರ್ ದಪ್ಪ ಹೆಚ್ಚಿ ಮೇಲಿನ ತಟ್ಟೆಯಲ್ಲಿ ಬಾಡಿಸಿ. ಹಸಿ ಈರುಳ್ಳಿಯನ್ನು ನೇರ ಚೀಸಿನಡಿ ಹಾಕಿದರೆ ಹಸಿಯಾಗಿಯೇ ಉಳಿಯುತ್ತದೆ. ಬೇಯಿಸಿದ ಸಿಹಿಜೋಳ, ಅನಾನಸಿನ ಚೂರು ನೇರ ಪ್ಯಾನಿಗೆ ಹೋಗಬಹುದು.

ನಾಲ್ಕು ಪ್ಯಾನಿನ ಯಂತ್ರದ ಮೇಲಿನ ತಟ್ಟೆಯಲ್ಲಿ ದೋಸೆ ಬರುತ್ತದೆಯೇ ಅಂದರೆ ಬರುತ್ತದೆ, ಅಂಗೈಯಗಲದ್ದು. ಗುಂಡಿ ಪೂರ್ತಿ ತಿರುಗಿಸಿ ಹದಿನೈದು ನಿಮಿಷ ಕಾಯಿಸಿ, ಸೆಟ್ ದೋಸೆಯ ಹದದ ಹಿಟ್ಟು ಹಾಕಿ. ಗೀರುಗಳಿರುವ ತಟ್ಟೆಯಾದರೆ ಹಿಟ್ಟು ಗೀರಿಗೆ ಇಳಿದು ಹಿಡಿದುಕೊಳ್ಳುತ್ತದೆ. ತಿರುಗಿಸಿದರೆ ಇನ್ನೊಂದು ಕಡೆ ನುಣುಪಿರುವ ತಟ್ಟೆಗಳು ಸಿಗುತ್ತವೆ, ಅದನ್ನೇ ಆರಿಸಿ. 350 ವ್ಯಾಟಿನದರಲ್ಲಿ ಈ ಪ್ರಯೋಗ ಬೇಡ. ಹಿಟ್ಟು ಬಣ್ಣಕ್ಕೆ ತಿರುಗದೆ ಒಣಗಿ ಚಕ್ಕೆಯಾಗುತ್ತದೆ.

ಮಾಂಸ ತಿನ್ನುವವರು ಒಂದು ಸೆಂಟಿಮೀಟರಿನ ಪಟ್ಟಿಗಳಾಗಿ ಕೊಯ್ದು ಮೇಲಿನ ತಟ್ಟೆಯಲ್ಲಷ್ಟೇ ಬೇಯಿಸಿ. ಹಸಿಮಾಂಸದ ಬಟ್ಟಲು, ಮುಳ್ಳುಚಮಚ ಬೇರೆಯೇ ಇರಲಿ.

ಇನ್ನು ಊಟದ ಹೊತ್ತು. ಆರಕ್ಕೆ ಯಂತ್ರ ಹಾಕಿದರೆ ಆರೂಕಾಲಿಗೆ ಮೊದಲ ಪ್ಯಾನು, ಎಂಟೂವರೆಗೆ ಮುಗಿತಾಯ. ರಾತ್ರಿಯ ಪೂಜೆಗೆ ಚರ್ಚಿಗೆ ಹೋಗುವವರಿಗೂ ಸಾಕಷ್ಟು ಸಮಯ ಉಳಿಯುತ್ತದೆ. ಹೋಳು ಒಳಗಿಟ್ಟ ಮೂರನೇ ನಿಮಿಷಕ್ಕೆ ಅಂಚು ಬೆವರಿ ಹೊಳೆಯುತ್ತದೆ. ನಾಲ್ಕಕ್ಕೆ ಮೂಲೆಗಳು ಕುಸಿದು ಪ್ಯಾನಿನ ಆಕಾರ ಹಿಡಿಯುತ್ತವೆ. ಆಮೇಲೆ ನಡುವೆ ಸಣ್ಣ ಗುಳ್ಳೆಗಳು, ಸೆಟ್ ದೋಸೆಯ ಕಣ್ಣು ತೆರೆದ ಹಾಗೆ. ಗುಳ್ಳೆಯ ನೆತ್ತಿ ಕಂದಾದ ತಕ್ಷಣ ಹೊರಗೆಳೆಯಿರಿ. ಇನ್ನೊಂದು ನಿಮಿಷ ಬಿಟ್ಟರೆ ಎಣ್ಣೆ ಬೇರ್ಪಟ್ಟು ಹಳದಿ ಹೊಂಡದಲ್ಲಿ ರಬ್ಬರು ತೇಲುತ್ತದೆ. ಕೆರೆಯಲು ಮರದ ಸಣ್ಣ ಚಮಚವೇ ಬೇಕು. ಸ್ಟೀಲಿನ ಚಮಚ ಮುಟ್ಟಿಸಿದರೆ ಒಂದೇ ಹಬ್ಬಕ್ಕೆ ಲೇಪ ಹಾಳು.

ಪ್ಯಾನಿಗೆ ಅತಿಯಾಗಿ ತುಂಬುವುದು ಎಲ್ಲರೂ ಮಾಡುವ ತಪ್ಪು. ಆಲೂಗಡ್ಡೆ, ಅಣಬೆ, ಮೇಲೆ ಎರಡು ಹೋಳು ಪೇರಿಸಿದರೆ ಉಬ್ಬಿದ ಚೀಸು ಸುರುಳಿಗೆ ತಗುಲಿ ಹೊಗೆಯೇಳುತ್ತದೆ. ಅಂಚಿನಿಂದ ಒಂದು ಬೆರಳಷ್ಟು ಜಾಗ ಬಿಡಿ. ಖಾಲಿ ಪ್ಯಾನನ್ನು ಉರಿಯುವ ಸುರುಳಿಯಡಿ ಬಿಟ್ಟರೂ ಹೊಗೆಯೇ, ಉಳಿದ ಚೂರು ಕರಕಾಗುತ್ತದೆ, ಲೇಪವೂ ಕೆಡುತ್ತದೆ. ತಣ್ಣನೆಯ ಅಂತಸ್ತು ಬೇಕೆಂದದ್ದು ಇದಕ್ಕೇ.

ಹೊಗೆ ಅಂದರೆ ಇಲ್ಲಿ ಬರೀ ಕಣ್ಣುರಿಯಲ್ಲ. ಜರ್ಮನಿಯಲ್ಲಿ ಮಲಗುವ ಕೋಣೆಗೆ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ. ಒಂದೇ ಕೋಣೆಯ ಮನೆಯಲ್ಲಿ ಮಲಗುವುದೂ ಉಣ್ಣುವುದೂ ಅಲ್ಲೇ ಆದ್ದರಿಂದ ಅದು ನೇರ ನಿಮ್ಮ ತಲೆಯ ಮೇಲಿರುತ್ತದೆ. ಅದನ್ನು ಕಿತ್ತಿಡಬೇಡಿ. ಮೇಜನ್ನು ಅದರಿಂದ ದೂರ ಸರಿಸಿ, ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಡಿ. ಕಿಟಕಿ ಓರೆಯಾಗಿಟ್ಟರೆ ಚಳಿ ಬರುತ್ತದೆ, ವಾಸನೆ ಹೋಗುವುದಿಲ್ಲ. ಚಳಿಗಾಲದ ಜಾಕೆಟ್ಟುಗಳನ್ನು ಊಟಕ್ಕೆ ಮೊದಲೇ ಬೇರೆ ಕೋಣೆಗೋ ಬಚ್ಚಲಿಗೋ ಸೇರಿಸಿ ಬಾಗಿಲು ಹಾಕಿ. ಇಲ್ಲವಾದರೆ ಜನವರಿಯಲ್ಲೂ ಟ್ರಾಮಿನಲ್ಲಿ ಪಕ್ಕದವರು ಮೂಗು ಅರಳಿಸುತ್ತಾರೆ. ಬಾಡಿಗೆ ಮನೆಯ ಮರದ ಮೇಜಾದರೆ ಕೆಳಗೆ ದಪ್ಪ ಮರದ ಹಲಗೆ ಇಡಿ, ಬಿಸಿಯ ಕಲೆಗೆ ಮಾಲೀಕರು ಲೆಕ್ಕ ಕೇಳುತ್ತಾರೆ. ವೈರು ನಡೆದಾಡುವ ದಾರಿಗೆ ಬೀಳದಿರಲಿ. ಇದೇ ಮಲ್ಟಿಪ್ಲಗ್ಗಿಗೆ 2000 ವ್ಯಾಟಿನ ಕೆಟಲ್, ಹೀಟರ್ ಎಲ್ಲ ಸಿಕ್ಕಿಸಿದರೆ ಫ್ಯೂಸ್ ಬೀಳುತ್ತದೆ, ಹಬ್ಬದ ರಾತ್ರಿ ಕತ್ತಲಲ್ಲಿ ಫ್ಯೂಸ್ ಪೆಟ್ಟಿಗೆ ತಡಕಬೇಕಾಗುತ್ತದೆ.

ಕುಡಿಯುವುದಕ್ಕೆ ಬಿಸಿ ಚಹಾ ಅಥವಾ ಬಿಳಿ ವೈನ್ ರೂಢಿ. ತಣ್ಣೀರು ಕುಡಿದರೆ ಚೀಸು ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆಂದು ಹಿರಿಯರು ಹೆದರಿಸುತ್ತಾರೆ. ಇದರ ಸೋದರನಾದ, ಕರಗಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಚೀಸ್ ಫಾಂಡ್ಯೂ ಬಗ್ಗೆ ಜ್ಯೂರಿಕ್‌ನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕಂಡದ್ದು ಬೇರೆ: ಚಹಾ ಕುಡಿದವರಿಗಿಂತ ವೈನ್ ಕುಡಿದವರ ಹೊಟ್ಟೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಿತು. ಬಿಸಿ ಶುಂಠಿ ಕಷಾಯ ಮಾಡಿಟ್ಟುಕೊಂಡರೆ ಯಾವ ಚಿಂತೆಯೂ ಬೇಡ. ಇಷ್ಟು ಕೊಬ್ಬಿನ ಊಟದ ಮೇಲೆ ಕೆನೆಯ ಕೇಕು ಇಳಿಯುವುದಿಲ್ಲ. ಕಿತ್ತಳೆ ಹಣ್ಣು, ಮಂಗಳೂರಿನ ಕಡೆಯವರಾದರೆ ಊರಿಂದ ಬಂದ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಡಬ್ಬದಿಂದ ನಾಲ್ಕು ಕಿಡಿಯೊ, ಒಂದು ರೋಸ್ ಕುಕ್ಕಿ, ಅಷ್ಟು ಸಾಕು.

ತೊಳೆಯುವುದನ್ನು ಬೆಳಗಿಗೆ ಬಿಡಬೇಡಿ. ಪ್ಯಾನು ಬೆಚ್ಚಗಿರುವಾಗಲೇ ಮರದ ಚಮಚದಿಂದ ಕೆರೆದು, ಬಿಸಿನೀರು, ಸೋಪಿನಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಸ್ಪಂಜಿಗೇ ಬಿಟ್ಟುಕೊಳ್ಳುತ್ತದೆ. ಒಣಗಿದರೆ ಅಂಟು ಹಾಕಿದಂತೆ. ಸುರುಳಿಯಿರುವ ಭಾಗ ನೀರಿಗೆ ಮುಳುಗಬಾರದು. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. 800 ವ್ಯಾಟಿನದು ಎರಡು ಗಂಟೆ ಪೂರ್ತಿ ಉರಿದರೂ 1.6 ಯೂನಿಟ್, ಕರೆಂಟಿನ ಖರ್ಚು ಲೆಕ್ಕಕ್ಕೆ ಬರುವಂಥದ್ದಲ್ಲ.

ಸಾಮಾನು ತರುವುದು 23ಕ್ಕೇ ಮುಗಿಯಲಿ. 24ರ ಬೆಳಿಗ್ಗೆ ಚೀಸಿನ ಕಪಾಟು ಬೋಳಾಗಿರುತ್ತದೆ, 25 ಮತ್ತು 26 ಎರಡೂ ಸರ್ಕಾರಿ ರಜೆ. 2026ರಲ್ಲಿ 25 ಶುಕ್ರವಾರ, 26 ಶನಿವಾರ, 27 ಭಾನುವಾರ. ಭಾನುವಾರವೂ ಅಂಗಡಿ ಇಲ್ಲದ ದೇಶವಾದ್ದರಿಂದ ಆ ವರ್ಷ ಗುರುವಾರ ಮಧ್ಯಾಹ್ನದಿಂದ ಸೋಮವಾರದ ತನಕ ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕುಗಳೇ ಗತಿ. ಹಾಲು, ಮೊಸರು, ಕೊತ್ತಂಬರಿ ಎಲ್ಲ ನಾಲ್ಕು ದಿನಕ್ಕಾಗುವಷ್ಟು ತಂದಿಡಿ. ಉಳಿದ ಆಲೂಗಡ್ಡೆ 25ರ ಬೆಳಿಗ್ಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಉಳಿದ ಚೀಸನ್ನು ತುರಿದು ದೋಸೆಗೆ ಹಾಕುವವರು ಸ್ವಲ್ಪವೇ ಹಾಕಿ, ಬೆಂಗಳೂರಿನ ಚೀಸ್ ದೋಸೆಯ ಅಳತೆಯಲ್ಲಿ ಸುರಿದರೆ ಈ ಚೀಸಿನ ಉಪ್ಪಿಗೆ ಪಲ್ಯದ ಉಪ್ಪೂ ಸೇರಿ ಬಾಯಿಗಿಡಲಾಗುವುದಿಲ್ಲ.